ಒಂದೇ ಡೊಮೈನ್, ಎರಡು ಊರು, ಮೂರು ಸರ್ವರ್: ಮೇಲ್ ರಿಲೇ ದೋಷ ಹುಡುಕುವ ಬಗೆ

"ಮೇಲ್ ಬರುತ್ತಿಲ್ಲ" ಎಂಬ ದೂರು ಬಂದ ಕೂಡಲೇ ಕಾನ್ಫಿಗರೇಶನ್ ಕಡತ ತೆರೆದು ಕೂರಬೇಡಿ. ಒಂದು ಸರ್ವರ್ ಇನ್ನೊಂದರ ಕೈಗೆ ಮೇಲ್ ದಾಟಿಸುವ ರಿಲೇ ವ್ಯವಸ್ಥೆಯಲ್ಲಿ ಆ ಒಂದು ದೂರಿನ ಹಿಂದೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿರಬಹುದು. ಯಾವುದೋ ಸರ್ವರ್ ಮೇಲನ್ನು ಬಾಗಿಲಲ್ಲೇ ತಿರಸ್ಕರಿಸಿರಬಹುದು. ಯಾವುದೋ ಸರ್ವರಿನ ಕ್ಯೂನಲ್ಲಿ, ಅಂದರೆ ಸಾಗಿಸಬೇಕಾದ ಮೇಲ್‌ಗಳ ಸರದಿಯಲ್ಲಿ, ಅದು ಇನ್ನೂ ಕಾಯುತ್ತಿರಬಹುದು. ಎರಡು ಸರ್ವರ್‌ಗಳ ನಡುವೆ ಅತ್ತಿಂದಿತ್ತ ಸುತ್ತಿ ಕೊನೆಗೆ ಕಳಿಸಿದವರಿಗೇ ಬೌನ್ಸ್ ಆಗಿರಬಹುದು. ಇಲ್ಲವೇ ತಪ್ಪು ಸರ್ವರಿನ ಮೇಲ್‌ಬಾಕ್ಸಿಗೆ ಸೇರಿ, ಯಾರೂ ಓದದೆ ಅಲ್ಲೇ ಬಿದ್ದಿರಬಹುದು. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಒಂದರ ಪರಿಹಾರವನ್ನು ಇನ್ನೊಂದಕ್ಕೆ ಹಚ್ಚಿದರೆ ಮೊದಲಿದ್ದ ದೋಷ ಹಾಗೇ ಉಳಿದು ಹೊಸದೊಂದು ಸೇರಿಕೊಳ್ಳುತ್ತದೆ.

ದಾವಣಗೆರೆ ಮತ್ತು ಚಿತ್ರದುರ್ಗ 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದವು. ಎರಡೂ ಊರುಗಳಲ್ಲಿ ಕಚೇರಿ ಇಟ್ಟುಕೊಂಡ ಸಂಸ್ಥೆಗಳು ಇಂದಿಗೂ ಸಾಕಷ್ಟಿವೆ. ಅಂಥದ್ದೇ ಒಂದು ವ್ಯವಸ್ಥೆಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮುಖ್ಯ ಕಚೇರಿ; ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ಗೋದಾಮು ಮತ್ತು ಶಾಖೆ. ಡೊಮೈನ್ ಒಂದೇ, ಉದಾಹರಣೆ.ಇನ್ ಎಂದಿಟ್ಟುಕೊಳ್ಳೋಣ. ಸರ್ವರ್‌ಗಳು ಮೂರು. ಇಂಟರ್‌ನೆಟ್ಟಿಗೆ ಮುಖಮಾಡಿ ನಿಂತ ಗೇಟ್‌ವೇ, 10.10.1.4. ಮುಖ್ಯ ಕಚೇರಿಯವರ ಮೇಲ್‌ಬಾಕ್ಸ್‌ಗಳಿರುವ ದಾವಣಗೆರೆ ಸರ್ವರ್, 10.10.1.5. ಶಾಖೆಯವರ ಮೇಲ್‌ಬಾಕ್ಸ್‌ಗಳಿರುವ ದುರ್ಗದ ಸರ್ವರ್, 10.10.2.5. ಎರಡು ಊರುಗಳ ನಡುವೆ ವಿಪಿಎನ್, ಅಂದರೆ ಇಂಟರ್‌ನೆಟ್ಟಿನ ಮೇಲೆ ಕಟ್ಟಿದ ಖಾಸಗಿ ದಾರಿ, ಇದೆ. ದಾರಿಯಲ್ಲಿ ಎಲ್ಲೋ ಫೈಬರ್ ಕಡಿದರೂ ಶಾಖೆಯೊಳಗಿನ ಮೇಲ್ ನಿಲ್ಲಬಾರದೆಂದು ದುರ್ಗದಲ್ಲಿ ಪ್ರತ್ಯೇಕ ಸರ್ವರ್ ಇಟ್ಟಿರುತ್ತಾರೆ. ಆ ಉದ್ದೇಶ ಸರಿಯಾದದ್ದೇ. ಆದರೆ ಒಂದು ಡೊಮೈನ್ ಎರಡು ಮನೆಗಳಿಗೆ ಹಂಚಿಹೋದ ಕ್ಷಣದಿಂದ ಯಾವ ವಿಳಾಸ ಯಾರದು ಎಂಬ ಲೆಕ್ಕವನ್ನು ಮೂರೂ ಸರ್ವರ್‌ಗಳು ಒಂದೇ ರೀತಿ ಹೇಳಬೇಕಾಗುತ್ತದೆ. ಹೆಚ್ಚಿನ ದೋಷಗಳು ಹುಟ್ಟುವುದು ಅಲ್ಲೇ.

ಮೂರರಲ್ಲೂ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಇದೆ ಎಂದು ಭಾವಿಸಿ ಬರೆದಿದ್ದೇನೆ. ಎಕ್ಸಿಮ್ ಅಥವಾ ಸೆಂಡ್‌ಮೇಲ್ ಬಳಸುವವರಿಗೆ ಸೆಟ್ಟಿಂಗ್‌ಗಳ ಹೆಸರು ಬದಲಾಗುತ್ತದೆ, ತರ್ಕ ಬದಲಾಗುವುದಿಲ್ಲ. ಸೆಟ್ಟಿಂಗ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಡತದಲ್ಲಿ ಅವು ಇಂಗ್ಲಿಷಿನಲ್ಲೇ, ಪದಗಳ ನಡುವೆ ಅಂಡರ್‌ಸ್ಕೋರ್‌ನೊಂದಿಗೆ ಇರುತ್ತವೆ.

ಮೇಲ್ ಈಗ ಎಲ್ಲಿದೆ?

ಮೊದಲು ಮೂರೂ ಸರ್ವರ್‌ಗಳ ಗಡಿಯಾರ ನೋಡಿ. ಒಂದು ಸರ್ವರ್ ಭಾರತೀಯ ಕಾಲಮಾನದಲ್ಲಿ, ಇನ್ನೊಂದು ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ ಲಾಗ್ (ನಡೆದದ್ದರ ದಾಖಲೆ) ಬರೆಯುತ್ತಿದ್ದರೆ ಐದೂವರೆ ಗಂಟೆಯ ಅಂತರ ಬೀಳುತ್ತದೆ. ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಮೇಲನ್ನು ಇನ್ನೊಂದರ ಲಾಗ್‌ನಲ್ಲಿ ನಾಲ್ಕೂವರೆಯ ಬಳಿ ಹುಡುಕಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮೂರರಲ್ಲೂ ಕಾಲಮಾನ ಒಂದೇ ಮಾಡಿ, ಕ್ರೋನಿಯಂಥ ಸೇವೆ ಹಾಕಿ ಗಡಿಯಾರ ಹೊಂದಿಸಿಕೊಂಡ ಮೇಲೆ ಹುಡುಕಾಟ ಶುರು ಮಾಡಿ.

ಕಳಿಸಿದವರ ವಿಳಾಸ, ಪಡೆಯಬೇಕಾದವರ ವಿಳಾಸ, ಕಳಿಸಿದ ಸಮಯ ಈ ಮೂರನ್ನೂ ಕೇಳಿ ಬರೆದುಕೊಳ್ಳಿ. ಶಾಖೆಯ ಗುಮಾಸ್ತರು "ಸರ್, ನಮ್ಮ ಕಡೆಯಿಂದ ಹೋಗಿದೆ, ಸೆಂಟ್ ಐಟಂನಲ್ಲಿ ಕಾಣುತ್ತಿದೆ" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಸೆಂಟ್ ಐಟಂನಲ್ಲಿ ಕಂಡರೆ ಮೇಲ್ ಮೊದಲ ಸರ್ವರಿಗೆ ತಲುಪಿದೆ ಎಂದಷ್ಟೇ ಅರ್ಥ, ಅಲ್ಲಿಂದ ಮುಂದಿನದು ನಮ್ಮ ಜವಾಬ್ದಾರಿ. ಆ ಮೊದಲ ಸರ್ವರಿನ ಮೇಲ್ ಲಾಗ್‌ನಲ್ಲಿ ಪಡೆಯುವವರ ವಿಳಾಸ ಹುಡುಕಿದರೆ ಹೀಗೊಂದು ಸಾಲು ಸಿಗುತ್ತದೆ:

ಟು=<ಗೋದಾಮು@ಉದಾಹರಣೆ.ಇನ್>, ರಿಲೇ=10.10.2.5[10.10.2.5]:25, ಡಿಲೇ=1.9, ಡಿಲೇಸ್=0.1/0/0.6/1.2, ಡಿಎಸ್‌ಎನ್=2.0.0, ಸ್ಟೇಟಸ್=ಸೆಂಟ್

ಈ ಒಂದು ಸಾಲನ್ನು ನಿಧಾನವಾಗಿ ಓದಲು ಕಲಿತರೆ ಅರ್ಧ ಕೆಲಸ ಮುಗಿಯುತ್ತದೆ. ರಿಲೇ ಎಂಬಲ್ಲಿ ಇರುವುದು ಮೇಲನ್ನು ಯಾರ ಕೈಗೆ ಕೊಟ್ಟೆವು ಎಂಬುದು. ಅಲ್ಲಿ 'ಲೋಕಲ್' ಎಂದಿದ್ದರೆ ಈ ಸರ್ವರ್ ಅದನ್ನು ತನ್ನದೆಂದೇ ಇಟ್ಟುಕೊಂಡಿದೆ. 'ನನ್' ಎಂದಿದ್ದರೆ ಯಾರಿಗೂ ಕೊಡಲಾಗಿಲ್ಲ. ಡಿಎಸ್‌ಎನ್ ಸಂಖ್ಯೆ 2ರಿಂದ ಶುರುವಾದರೆ ಯಶಸ್ಸು, 4 ಆದರೆ ತಾತ್ಕಾಲಿಕ ಅಡ್ಡಿ, 5 ಆದರೆ ಖಾಯಂ ನಿರಾಕರಣೆ. ಡಿಲೇಸ್‌ನ ನಾಲ್ಕು ಅಂಕಿಗಳನ್ನು ಹೆಚ್ಚಿನವರು ದಾಟಿ ಮುಂದೆ ಹೋಗುತ್ತಾರೆ, ಅದು ದೊಡ್ಡ ನಷ್ಟ. ಮೊದಲನೆಯದು ಕ್ಯೂ ಮ್ಯಾನೇಜರಿಗೆ ಬರುವ ಮೊದಲು ಕಳೆದ ಸಮಯ. ಎರಡನೆಯದು ಕ್ಯೂ ಮ್ಯಾನೇಜರಿನೊಳಗೆ ಕಾದದ್ದು. ಮೂರನೆಯದು ಡಿಎನ್‌ಎಸ್ ಕೇಳಿ (ಹೆಸರಿಗೆ ಐಪಿ ವಿಳಾಸ ಹುಡುಕಿ), ಸಂಪರ್ಕ ಜೋಡಿಸಿ, ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ ಒಪ್ಪಂದ) ಮುಗಿಸಲು ಹಿಡಿದದ್ದು. ನಾಲ್ಕನೆಯದು ಮೇಲನ್ನೇ ಸಾಗಿಸಲು ತೆಗೆದುಕೊಂಡದ್ದು. ಮೂರನೆಯ ಅಂಕಿ ಉಬ್ಬಿದ್ದರೆ ಡಿಎನ್‌ಎಸ್ ಇಲ್ಲವೇ ವಿಪಿಎನ್ ಕಡೆ ನೋಡಿ. ನಾಲ್ಕನೆಯದು ಉಬ್ಬಿದ್ದರೆ ಆಚೆ ಬದಿಯ ಫಿಲ್ಟರ್ ನಿಧಾನವಾಗಿದೆ, ಅಥವಾ ದಾರಿಯಲ್ಲಿ ದೊಡ್ಡ ಪ್ಯಾಕೆಟ್‌ಗಳು ಸಿಕ್ಕಿಕೊಳ್ಳುತ್ತಿವೆ.

ಯಶಸ್ವಿಯಾದ ಸಾಲಿನ ಕೊನೆಯಲ್ಲಿ 'ಕ್ಯೂಡ್ ಆಸ್' ಎಂದು ಬರೆದು ಅಕ್ಷರ, ಅಂಕಿಗಳ ಗುರುತೊಂದು ಇರುತ್ತದೆ. ಅದು ಮುಂದಿನ ಸರ್ವರ್ ಈ ಮೇಲಿಗೆ ಕೊಟ್ಟ ಕ್ಯೂ ಸಂಖ್ಯೆ. ಅದನ್ನೇ ಹಿಡಿದು ಮುಂದಿನ ಸರ್ವರಿನ ಲಾಗ್‌ನಲ್ಲಿ ಹುಡುಕಿ. ಅಲ್ಲಿಂದ ಅದರ ಮುಂದಿನದಕ್ಕೆ ಹೋಗಿ. ಊಹೆ ಮಾಡುವ ಅಗತ್ಯವೇ ಇಲ್ಲ. ಎಲ್ಲಿ ಸರಪಳಿ ತುಂಡಾಗುತ್ತದೋ ಅಥವಾ ಹಿಂದಕ್ಕೆ ತಿರುಗುತ್ತದೋ ದೋಷ ಅಲ್ಲಿದೆ.

ಪ್ರತಿ ಸರ್ವರಿಗೂ ಕೇಳಬೇಕಾದ ಮೂರು ಪ್ರಶ್ನೆ

ದೋಷವಿರುವ ಸರ್ವರ್ ಸಿಕ್ಕ ಮೇಲೆ ಈ ವಿಳಾಸದ ಬಗ್ಗೆ ಅದಕ್ಕೆ ಮೂರು ಪ್ರಶ್ನೆ ಕೇಳಿ. ಈ ವಿಳಾಸ ನಿನ್ನದೇ? ನಿನ್ನದಲ್ಲದಿದ್ದರೆ, ಇದನ್ನು ತೆಗೆದುಕೊಂಡು ಮುಂದಕ್ಕೆ ಸಾಗಿಸಲು ನಿನಗೆ ಅನುಮತಿ ಇದೆಯೇ? ಇದ್ದರೆ, ಯಾರ ಕೈಗೆ ಕೊಡುತ್ತೀಯ? ಮೊದಲ ಪ್ರಶ್ನೆಗೆ ಉತ್ತರ ಮೈಡೆಸ್ಟಿನೇಷನ್ ಮತ್ತು ವರ್ಚುವಲ್ ಡೊಮೈನ್‌ಗಳ ಪಟ್ಟಿಯಲ್ಲಿದೆ. ಎರಡನೆಯದಕ್ಕೆ ರಿಲೇ ಡೊಮೈನ್ಸ್ ಮತ್ತು ಮೈನೆಟ್‌ವರ್ಕ್ಸ್‌ನಲ್ಲಿ. ಮೂರನೆಯದಕ್ಕೆ ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್‌ನಲ್ಲಿ; ಅಲ್ಲಿ ಏನೂ ಇಲ್ಲದಿದ್ದರೆ ರಿಲೇಹೋಸ್ಟ್‌ನಲ್ಲಿ; ಅದೂ ಖಾಲಿಯಿದ್ದರೆ ಡೊಮೈನಿನ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್‌ನ ಎಂಎಕ್ಸ್ ದಾಖಲೆಯಲ್ಲಿ.

ಉತ್ತರವನ್ನು ಕಡತ ಓದಿ ಊಹಿಸಬೇಡಿ, ಸರ್ವರಿನ ಬಾಯಿಂದಲೇ ಕೇಳಿ. ಪೋಸ್ಟ್‌ಕಾನ್ಫ್ ಆಜ್ಞೆಗೆ ಎನ್ ಆಯ್ಕೆ ಕೊಟ್ಟರೆ ಕಡತದಲ್ಲಿ ನಾವಾಗಿ ಬರೆದ ಸೆಟ್ಟಿಂಗ್‌ಗಳಷ್ಟೇ ಬರುತ್ತವೆ. ಪೋಸ್ಟ್‌ಮ್ಯಾಪ್‌ಗೆ ಕ್ಯೂ ಆಯ್ಕೆಯೊಂದಿಗೆ ವಿಳಾಸ ಮತ್ತು ಟ್ರಾನ್ಸ್‌ಪೋರ್ಟ್ ಪಟ್ಟಿಯ ಹೆಸರು ಕೊಟ್ಟರೆ ಆ ನಮೂದಿಗೆ ಯಾವ ದಾರಿ ಬರೆದಿದೆ ಎಂದು ಹೇಳುತ್ತದೆ. ಪೂರ್ಣ ವಿಳಾಸಕ್ಕೆ ಉತ್ತರ ಬರದಿದ್ದರೆ ಬರೀ ಡೊಮೈನ್ ಕೊಟ್ಟು ಮತ್ತೊಮ್ಮೆ ಕೇಳಿ. ಪೋಸ್ಟ್‌ಫಿಕ್ಸ್ ಕೂಡ ಅದೇ ಕ್ರಮದಲ್ಲಿ ಹುಡುಕುತ್ತದೆ. ಪೋಸ್ಟ್‌ಫಿಕ್ಸ್ ಜೊತೆಗೇ ಬರುವ ಸೆಂಡ್‌ಮೇಲ್ ಆಜ್ಞೆಯ ಬಿವಿ ಆಯ್ಕೆ ಇನ್ನೂ ಒಳ್ಳೆಯದು. ಅದು ನಿಜವಾದ ಮೇಲ್ ಕಳಿಸದೆ ದಾರಿಯನ್ನಷ್ಟೇ ಪರೀಕ್ಷಿಸಿ ವರದಿಯನ್ನು ನಮ್ಮ ಮೇಲ್‌ಬಾಕ್ಸಿಗೆ ಹಾಕುತ್ತದೆ.

ಪಟ್ಟಿ ತಿದ್ದಿ ಪೋಸ್ಟ್‌ಮ್ಯಾಪ್ ಓಡಿಸುವುದನ್ನು ಮರೆತರೆ ಸರ್ವರ್ ಹಳೆಯ ಪಟ್ಟಿಯನ್ನೇ ಬಳಸುತ್ತಿರುತ್ತದೆ. ಡೇಟಾಬೇಸ್ ಮೂಲ ಕಡತಕ್ಕಿಂತ ಹಳೆಯದು ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬರುತ್ತದೆ. ಬೇರೇನನ್ನೂ ಮುಟ್ಟುವ ಮೊದಲು ಅದನ್ನು ನೋಡಿ.

ಏನನ್ನಾದರೂ ಬದಲಿಸುವ ಮುನ್ನ ಸಾಫ್ಟ್ ಬೌನ್ಸ್ ಸೆಟ್ಟಿಂಗನ್ನು 'ಯಸ್' ಮಾಡಿ. ಇದರಿಂದ ಖಾಯಂ ನಿರಾಕರಣೆಗಳೆಲ್ಲ ತಾತ್ಕಾಲಿಕವಾಗುತ್ತವೆ. ನಾವು ತಿದ್ದುವಾಗ ತಪ್ಪಾದರೂ ಮೇಲ್ ಹಿಂದಿರುಗದೆ ಕ್ಯೂನಲ್ಲಿ ಉಳಿಯುತ್ತದೆ. ಮೆಕ್ಕೆಜೋಳದ ಹಂಗಾಮಿನಲ್ಲಿ ಎಪಿಎಂಸಿ ಧಾರಣೆ, ಲಾರಿ ಬಿಲ್ಲುಗಳೆಲ್ಲ ಮೇಲಿನಲ್ಲೇ ಓಡಾಡುವ ಕಚೇರಿಯಲ್ಲಿ ಒಂದು ಬೌನ್ಸ್ ಎಂದರೆ ಗೋದಾಮಿನ ಗೇಟಿನಲ್ಲಿ ನಿಂತ ಒಂದು ಲಾರಿ. ಕೆಲಸ ಮುಗಿದ ಮೇಲೆ ಈ ಸೆಟ್ಟಿಂಗ್ ತೆಗೆಯುವುದೂ ಅಷ್ಟೇ ಮುಖ್ಯ.

ರಿಲೇ ನಿರಾಕರಣೆ

'ರಿಲೇ ಆಕ್ಸೆಸ್ ಡಿನೈಡ್' ಎಂದು ಬಂದರೆ ಮೊದಲ ಎರಡು ಪ್ರಶ್ನೆಗಳಿಗೂ ಸರ್ವರ್ 'ಇಲ್ಲ' ಎಂದಿದೆ. 554 5.7.1 ಆಗಿದ್ದರೆ ಖಾಯಂ ನಿರಾಕರಣೆ, 454 4.7.1 ಆಗಿದ್ದರೆ ಅದೇ ಕಾರಣಕ್ಕೆ 'ಆಮೇಲೆ ಬಾ' ಎಂದಿದೆ. ಪೋಸ್ಟ್‌ಫಿಕ್ಸ್ 2.10ರಿಂದ ರಿಲೇಗೆ ಪ್ರತ್ಯೇಕ ನಿರ್ಬಂಧ ಪಟ್ಟಿ ಬಂದಿದ್ದು, ತಾನಾಗಿ ಬರುವ ಸೆಟ್ಟಿಂಗ್ ಎರಡನೆಯ ಬಗೆಯದು.

ಇಲ್ಲಿ ಮೈನೆಟ್‌ವರ್ಕ್ಸ್‌ಗೆ ದೊಡ್ಡ ಜಾಲವೊಂದನ್ನು ಸೇರಿಸಿ ಕೈ ತೊಳೆದುಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 0.0.0.0/0, ಅಂದರೆ ಇಡೀ ಇಂಟರ್‌ನೆಟ್, ಎಂದು ಬರೆದರೆ ಮೇಲ್ ತಕ್ಷಣ ಹರಿಯುತ್ತದೆ, ನಿಜ. ಜೊತೆಗೆ ಜಗತ್ತಿನ ಸ್ಪ್ಯಾಮ್ ಎಲ್ಲ ನಿಮ್ಮ ಐಪಿಯಿಂದಲೇ ಹರಿಯಲು ಶುರುವಾಗುತ್ತದೆ. ಆ ಐಪಿ ತಡೆಪಟ್ಟಿಗಳಿಗೆ ಸೇರಿದ ಮೇಲೆ ಹೊರಬರಲು ಪಡುವ ಪಾಡು ಮೂಲ ದೋಷಕ್ಕಿಂತ ದೊಡ್ಡದು.

ಸರಿಯಾದ ಕ್ರಮ ಇದು. ಹೊರಗಿನಿಂದ ಬರುವ ಮೇಲ್ ನಿರಾಕರಣೆಯಾಗುತ್ತಿದ್ದರೆ ಗೇಟ್‌ವೇಗೆ ಆ ಡೊಮೈನ್ ಗೊತ್ತಿಲ್ಲ. ರಿಲೇ ಡೊಮೈನ್ಸ್‌ಗೆ ಸೇರಿಸಿ. ದುರ್ಗದಿಂದ ಹೊರಹೋಗುವ ಮೇಲ್ ನಿರಾಕರಣೆಯಾಗುತ್ತಿದ್ದರೆ ಗೇಟ್‌ವೇಯ ಲಾಗ್‌ನಲ್ಲಿ 'ಕನೆಕ್ಟ್ ಫ್ರಮ್' ಸಾಲು ನೋಡಿ. ಅಲ್ಲಿ 10.10.2.5 ಇರಬೇಕಾದಲ್ಲಿ 10.10.2.1 ಇದ್ದರೆ ವಿಪಿಎನ್ ರೂಟರ್ ವಿಳಾಸವನ್ನು ಮರೆಮಾಚುತ್ತಿದೆ. ಆ ನ್ಯಾಟನ್ನು (ವಿಳಾಸ ಬದಲಾಯಿಸುವುದನ್ನು) ರೂಟರಿನಲ್ಲೇ ನಿಲ್ಲಿಸಿ, ದುರ್ಗದ ಸರ್ವರಿನ ಒಂದೇ ಐಪಿಯನ್ನು ಮೈನೆಟ್‌ವರ್ಕ್ಸ್‌ನಲ್ಲಿ /32 ಎಂದು ಬರೆಯಿರಿ.

ಇದರ ತಿರುಗುಮುರುಗಾದ ಸ್ಥಿತಿ ಇನ್ನೂ ಅಪಾಯಕಾರಿ. ದಾವಣಗೆರೆಯ ರೂಟರ್ ಸರ್ವರ್‌ಗಳ ನಡುವೆ ಮೇಲ್ ಸಾಗುವ 25ನೇ ಪೋರ್ಟನ್ನು ಒಳಕ್ಕೆ ಕಳಿಸುವಾಗ ಹೊರಗಿನವರ ವಿಳಾಸದ ಬದಲು ತನ್ನ ಒಳ ವಿಳಾಸವನ್ನೇ ತೋರಿಸಿದರೆ, ಇಂಟರ್‌ನೆಟ್ಟಿನ ಪ್ರತಿಯೊಬ್ಬರೂ ಗೇಟ್‌ವೇಗೆ 10.10.1.1 ಆಗಿಯೇ ಕಾಣುತ್ತಾರೆ. ಆ ವಿಳಾಸ ಮೈನೆಟ್‌ವರ್ಕ್ಸ್‌ನ ಒಳಗಿದ್ದರೆ ಯಾರೂ ಬಾಗಿಲು ತೆರೆಯದೆಯೇ ಬಾಗಿಲು ತೆರೆದುಕೊಂಡಿದೆ. ಎಲ್ಲ ಹೊರ ಸಂಪರ್ಕಗಳೂ ಒಂದೇ ಒಳ ಐಪಿಯಿಂದ ಬರುತ್ತಿರುವುದು ಲಾಗ್‌ನಲ್ಲಿ ಕಂಡರೆ ಬೇರೆ ಕೆಲಸ ಬಿಟ್ಟು ಅದನ್ನು ಮೊದಲು ಸರಿಪಡಿಸಿ.

ಸುತ್ತು

ಡೊಮೈನ್ ಹಂಚಿಕೊಂಡ ಸರ್ವರ್‌ಗಳಿಗೆ ಅಂಟುವ ವಿಶೇಷ ರೋಗ ಇದು. ದುರ್ಗದ ಸರ್ವರಿಗೆ "ನಿನಗೆ ಗೊತ್ತಿಲ್ಲದ ಬಳಕೆದಾರರನ್ನು ದಾವಣಗೆರೆಗೆ ಕಳಿಸು" ಎಂದು ಹೇಳಿರುತ್ತಾರೆ. ದಾವಣಗೆರೆಗೂ "ನಿನಗೆ ಗೊತ್ತಿಲ್ಲದವರನ್ನು ದುರ್ಗಕ್ಕೆ ಕಳಿಸು" ಎಂದಿರುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿರುವವರೆಗೂ ಎಲ್ಲ ಸುಸೂತ್ರ. ಕೆಲಸ ಬಿಟ್ಟ ಗುಮಾಸ್ತರೊಬ್ಬರ ಖಾತೆ ಅಳಿಸಿದ ದಿನ, ಅಥವಾ ಯಾರೋ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿ ಟೈಪ್ ಮಾಡಿದ ದಿನ, ಮೇಲ್ ಎರಡು ಊರುಗಳ ನಡುವೆ ಚೆಂಡಿನಂತೆ ಪುಟಿಯತೊಡಗುತ್ತದೆ. ದಾರಿಯ ಪ್ರತಿ ಸರ್ವರ್ ಮೇಲಿಗೆ ಒಂದು ರಿಸೀವ್ಡ್ ಹೆಡರ್ ಅಂಟಿಸುತ್ತದೆ; ಪೋಸ್ಟ್‌ಫಿಕ್ಸ್ ತಾನಾಗಿ ಅಂಥ 50 ಹೆಡರ್‌ಗಳ ಮಿತಿ ಇಟ್ಟಿದೆ. ಅದು ಮೀರಿದಾಗ 'ಟೂ ಮೆನಿ ಹಾಪ್ಸ್' ಎಂದು ಬೌನ್ಸ್ ಆಗುತ್ತದೆ.

ಸುತ್ತುತ್ತಿರುವ ಮೇಲೊಂದನ್ನು ಕ್ಯೂನಲ್ಲಿ ಹಿಡಿದು ಪೋಸ್ಟ್‌ಕ್ಯಾಟ್‌ನಿಂದ ತೆರೆದು ರಿಸೀವ್ಡ್ ಹೆಡರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಸಾರ ಹೀಗಿರುತ್ತದೆ:

ಪಡೆದದ್ದು ದುರ್ಗ, ಕೊಟ್ಟದ್ದು ದಾವಣಗೆರೆ, 10:14:09
ಪಡೆದದ್ದು ದಾವಣಗೆರೆ, ಕೊಟ್ಟದ್ದು ದುರ್ಗ, 10:14:08
ಪಡೆದದ್ದು ದುರ್ಗ, ಕೊಟ್ಟದ್ದು ದಾವಣಗೆರೆ, 10:14:08
ಪಡೆದದ್ದು ದಾವಣಗೆರೆ, ಕೊಟ್ಟದ್ದು ಗೇಟ್‌ವೇ, 10:14:07

ಎರಡೇ ಹೆಸರುಗಳು ಸರದಿಯಂತೆ ಬರುತ್ತಿದ್ದರೆ ದೋಷ ಆ ಎರಡರ ನಡುವೆಯೇ ಇದೆ, ಗೇಟ್‌ವೇಯನ್ನು ಮುಟ್ಟಬೇಡಿ. ಮೂರೂ ಹೆಸರುಗಳು ಸುತ್ತುತ್ತಿದ್ದರೆ ಯಾವುದೋ ಒಂದು ಒಳಗಿನ ಸರ್ವರ್ ಮೇಲನ್ನು ರಿಲೇಹೋಸ್ಟಿಗೆ, ಅಂದರೆ ಗೇಟ್‌ವೇಗೆ, ವಾಪಸ್ ತಳ್ಳುತ್ತಿದೆ.

ಹಾಪ್ ಮಿತಿ ಹೆಚ್ಚಿಸುವುದರಿಂದ ಏನೂ ಆಗದು. ತುರ್ತಿಗೆ, ಎರಡರಲ್ಲಿ ಒಂದು ಸರ್ವರ್ ಗೊತ್ತಿಲ್ಲದವರನ್ನು ಮುಂದೆ ಕಳಿಸುವುದನ್ನು ನಿಲ್ಲಿಸಿ. ಪೂರ್ಣ ಪಟ್ಟಿ ದಾವಣಗೆರೆಯಲ್ಲಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಕೊನೆಯ ಮಾತು ಅದರದು. ದಾವಣಗೆರೆ ಸರ್ವರಿಗೆ ದುರ್ಗದವರ ವಿಳಾಸಗಳನ್ನು ಒಂದೊಂದಾಗಿ ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ ಕೊಡಿ:

ಗೋದಾಮು@ಉದಾಹರಣೆ.ಇನ್   ರಿಲೇ:[10.10.2.5]

ಇಷ್ಟು ಬರೆದ ಮೇಲೂ 550 5.1.1, 'ಯೂಸರ್ ಅನ್‌ನೋನ್ ಇನ್ ಲೋಕಲ್ ರೆಸಿಪಿಯೆಂಟ್ ಟೇಬಲ್' ಎಂದು ಬಂದರೆ ಆಶ್ಚರ್ಯಪಡಬೇಡಿ. ಟ್ರಾನ್ಸ್‌ಪೋರ್ಟ್ ಪಟ್ಟಿ ದಾರಿಯನ್ನಷ್ಟೇ ಬದಲಿಸುತ್ತದೆ. ಡೊಮೈನ್ ಮೈಡೆಸ್ಟಿನೇಷನ್‌ನಲ್ಲಿ ಇರುವವರೆಗೆ ವಿಳಾಸ ಅಸ್ತಿತ್ವದಲ್ಲಿದೆಯೇ ಎಂಬ ತಪಾಸಣೆ ಲೋಕಲ್ ಪಟ್ಟಿಯಲ್ಲೇ ನಡೆಯುತ್ತದೆ. ದುರ್ಗದವರ ಹೆಸರುಗಳು ಆ ಪಟ್ಟಿಗೂ ಸೇರಬೇಕು.

ಶಾಶ್ವತವಾಗಿ ಸರಿಯಾಗಬೇಕೆಂದರೆ ನಾನು ಒತ್ತಿ ಹೇಳುವುದು ಬೇರೆ ವಿನ್ಯಾಸವನ್ನು. ಒಂದು ಡೊಮೈನಿಗೆ ಇಬ್ಬರು ಒಡೆಯರು ಇರುವುದೇ ಮೂಲ ತೊಂದರೆ, ಅದನ್ನೇ ತೆಗೆದುಬಿಡಿ. ಒಳಬಳಕೆಗೆ ಎರಡು ಉಪಡೊಮೈನ್ ಮಾಡಿ: ದಾವಣಗೆರೆ.ಉದಾಹರಣೆ.ಇನ್ ಮತ್ತು ದುರ್ಗ.ಉದಾಹರಣೆ.ಇನ್. ಪ್ರತಿ ಮೇಲ್‌ಬಾಕ್ಸ್ ಸರ್ವರಿಗೂ ತನ್ನದೊಂದೇ ಉಪಡೊಮೈನ್ ಸ್ವಂತದ್ದು. ಗೇಟ್‌ವೇಯಲ್ಲಿ ಉದಾಹರಣೆ.ಇನ್ ಅನ್ನು ವರ್ಚುವಲ್ ಅಲಿಯಾಸ್ ಡೊಮೈನ್ ಮಾಡಿ, ಗೋದಾಮು ಎಂದರೆ ದುರ್ಗದ ಉಪಡೊಮೈನ್, ಲೆಕ್ಕ ಎಂದರೆ ದಾವಣಗೆರೆಯ ಉಪಡೊಮೈನ್ ಎಂದು ಪಟ್ಟಿ ಬರೆಯಿರಿ. ಪಟ್ಟಿಯಲ್ಲಿಲ್ಲದ ಹೆಸರು ಗೇಟ್‌ವೇಯ ಬಾಗಿಲಲ್ಲೇ ನಿರಾಕರಣೆಯಾಗುತ್ತದೆ. ಎರಡೂ ಉಪಡೊಮೈನ್‌ಗಳನ್ನು ಗೇಟ್‌ವೇಯ ರಿಲೇ ಡೊಮೈನ್ಸ್‌ಗೆ ಹಾಕಿ, ಟ್ರಾನ್ಸ್‌ಪೋರ್ಟ್‌ನಲ್ಲಿ ದಾರಿ ತೋರಿಸಿ, ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ನಲ್ಲಿ ಹೆಸರುಗಳನ್ನು ಕೊಡಿ. ಹೆಸರು ಕೊಡದಿದ್ದರೆ ಗೇಟ್‌ವೇ ಬಂದದ್ದನ್ನೆಲ್ಲ ಒಪ್ಪಿಕೊಂಡು ಆಮೇಲೆ ಬೌನ್ಸ್ ಕಳಿಸುತ್ತದೆ. ಸ್ಪ್ಯಾಮ್ ಕಳಿಸುವವರು ಕದ್ದ ವಿಳಾಸದ ಅಮಾಯಕರಿಗೆ ಆ ಬೌನ್ಸ್ ಹೋಗುತ್ತದೆ.

ಅದೇ ಅಲಿಯಾಸ್ ಪಟ್ಟಿಯ ಪ್ರತಿಯನ್ನು ಎರಡೂ ಮೇಲ್‌ಬಾಕ್ಸ್ ಸರ್ವರ್‌ಗಳ ವರ್ಚುವಲ್ ಅಲಿಯಾಸ್ ಮ್ಯಾಪ್ಸ್‌ಗೂ ಕೊಡಿ. ಆಗ ದುರ್ಗದಲ್ಲಿ ಗೋದಾಮಿನವರು ಪಕ್ಕದ ಮೇಜಿನವರಿಗೆ ಬರೆದ ಮೇಲ್ ದಾವಣಗೆರೆಗೆ ಹೋಗಿ ಬರುವುದಿಲ್ಲ, ವಿಪಿಎನ್ ಬಿದ್ದಿದ್ದರೂ ಅಲ್ಲಲ್ಲೇ ತಲುಪುತ್ತದೆ. ಪಟ್ಟಿಯಲ್ಲಿಲ್ಲದ ಹೆಸರು ರಿಲೇಹೋಸ್ಟ್ ಮೂಲಕ ಗೇಟ್‌ವೇಗೆ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ. ಸುತ್ತಲು ದಾರಿಯೇ ಉಳಿಯುವುದಿಲ್ಲ.

ಇನ್ನೊಂದು ಬಗೆಯ ಸುತ್ತು ಇದೆ: 'ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್'. ಇದು ತನ್ನಿಂದ ತನಗೇ ಬರುವುದು. ಇದಕ್ಕೆ ಸಾಮಾನ್ಯ ಕಾರಣ ಚೌಕ ಆವರಣದ ಗೈರುಹಾಜರಿ. ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ ಮುಂದಿನ ಸರ್ವರಿನ ಹೆಸರನ್ನು ಚೌಕ ಆವರಣದೊಳಗೆ ಬರೆದರೆ ಪೋಸ್ಟ್‌ಫಿಕ್ಸ್ ನೇರವಾಗಿ ಆ ಯಂತ್ರಕ್ಕೆ ಹೋಗುತ್ತದೆ. ಆವರಣವಿಲ್ಲದೆ ಬರೆದರೆ ಆ ಹೆಸರಿನ ಎಂಎಕ್ಸ್ ಕೇಳುತ್ತದೆ. ಎಂಎಕ್ಸ್ ದಾಖಲೆ ಗೇಟ್‌ವೇಯತ್ತಲೇ ಬೊಟ್ಟು ಮಾಡುತ್ತದೆ, ಗೇಟ್‌ವೇ ತನ್ನ ಬಾಗಿಲನ್ನೇ ತಟ್ಟುತ್ತದೆ. ಗೇಟ್‌ವೇ ನ್ಯಾಟ್ ಹಿಂದಿದ್ದರೆ ಸಾರ್ವಜನಿಕ ಐಪಿ ತನ್ನದೇ ಎಂದು ಅದಕ್ಕೆ ತಿಳಿದಿರುವುದಿಲ್ಲ. ಪ್ರಾಕ್ಸಿ ಇಂಟರ್‌ಫೇಸಸ್‌ನಲ್ಲಿ ಆ ಐಪಿ ಬರೆಯಬೇಕು. ಎರಡನೆಯ ಕಾರಣ, ದಾವಣಗೆರೆಯ ವರ್ಚುವಲ್ ಯಂತ್ರವನ್ನೇ ನಕಲು ಮಾಡಿ ದುರ್ಗದ್ದನ್ನು ಕಟ್ಟಿ, ಮೈಹೋಸ್ಟ್‌ನೇಮ್ ಬದಲಿಸದೆ ಬಿಟ್ಟಿರುವುದು. ಆಚೆಯವನು ನನ್ನ ಹೆಸರಿನಲ್ಲೇ ನಮಸ್ಕಾರ ಹೇಳಿದ ಎಂಬರ್ಥದ ಎಚ್ಚರಿಕೆ ಲಾಗ್‌ನಲ್ಲಿ ಸಿಕ್ಕರೆ ಕಾರಣ ಅದೇ.

ಕ್ಯೂನಲ್ಲಿ ನಿಂತದ್ದು

ಮೇಲ್‌ಕ್ಯೂ ಆಜ್ಞೆ ಪ್ರತಿ ಮೇಲಿನ ಕೆಳಗೆ ಕಾರಣ ತೋರಿಸುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಆಚೆ ಯಂತ್ರ ಬದುಕಿದೆ, 25ನೇ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ, ಅಥವಾ ಫೈರ್‌ವಾಲ್ ತಿರಸ್ಕರಿಸುತ್ತಿದೆ. 'ಟೈಮ್ಡ್ ಔಟ್' ಎಂದರೆ ದಾರಿಯೇ ಮುಚ್ಚಿದೆ: ವಿಪಿಎನ್ ಬಿದ್ದಿದೆ, ಅಥವಾ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆ. ಹೊರಕ್ಕೆ ಹೋಗುವ ಮೇಲ್‌ಗಳೆಲ್ಲ ಹೀಗಾದರೆ ಸಂಪರ್ಕ ಕೊಟ್ಟವರು 25ನೇ ಪೋರ್ಟನ್ನು ತಡೆದಿರುವ ಸಾಧ್ಯತೆ ಹೆಚ್ಚು.

ಹೆಸರು ಸಿಗುತ್ತಿಲ್ಲ ಎಂಬ ದೂರಿದ್ದರೆ ಒಂದು ವಿಷಯ ನೆನಪಿಡಿ. ಹೋಸ್ಟ್ಸ್ ಕಡತದಲ್ಲಿ ದುರ್ಗದ ಸರ್ವರಿನ ಹೆಸರು ಬರೆದಿದ್ದೀರಿ, ಪಿಂಗ್ ಹೋಗುತ್ತಿದೆ, ಪೋಸ್ಟ್‌ಫಿಕ್ಸ್ ಮಾತ್ರ ಹೋಸ್ಟ್ ಸಿಗಲಿಲ್ಲ ಎನ್ನುತ್ತಿದೆ. ಮೇಲ್ ಕಳಿಸುವ ಭಾಗವಾದ ಅದರ ಎಸ್‌ಎಂಟಿಪಿ ಕ್ಲೈಂಟ್ ತಾನಾಗಿ ಡಿಎನ್‌ಎಸ್ ಮಾತ್ರ ಕೇಳುತ್ತದೆ, ಹೋಸ್ಟ್ಸ್ ಕಡತ ನೋಡುವುದಿಲ್ಲ. ಎಸ್‌ಎಂಟಿಪಿ ಹೋಸ್ಟ್ ಲುಕಪ್‌ಗೆ 'ನೇಟಿವ್' ಸೇರಿಸಿ, ಇಲ್ಲವೇ ಆವರಣದೊಳಗೆ ಐಪಿಯನ್ನೇ ಬರೆಯಿರಿ. ಡೆಬಿಯನ್, ಉಬುಂಟುಗಳಲ್ಲಿ ಪೋಸ್ಟ್‌ಫಿಕ್ಸ್ ತನ್ನ ಸ್ಪೂಲ್ ಡೈರೆಕ್ಟರಿಯೊಳಗೆ, ಡಿಎನ್‌ಎಸ್ ಸರ್ವರಿನ ವಿಳಾಸವಿರುವ ರಿಸಾಲ್ವ್ ಕಡತದ ಪ್ರತಿಯೊಂದನ್ನು ಇಟ್ಟುಕೊಂಡು ಅದನ್ನೇ ಓದಬಹುದು. ಡಿಎನ್‌ಎಸ್ ಸರ್ವರ್ ಬದಲಿಸಿದ ಮೇಲೆ ಆ ಪ್ರತಿ ಹಳೆಯದಾಗಿಯೇ ಉಳಿದಿದೆಯೇ ನೋಡಿ.

ಸಣ್ಣ ಮೇಲ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಎಂಬ ದೂರು ಪ್ರತ್ಯೇಕ ಗಮನಕ್ಕೆ ಅರ್ಹ. ಇದಕ್ಕೆ ಕಾರಣ ಎರಡು, ಲಕ್ಷಣಗಳೂ ಸ್ಪಷ್ಟವಾಗಿ ಬೇರೆ. ದೊಡ್ಡ ಮೇಲ್ ತಕ್ಷಣ ನಿರಾಕರಣೆಯಾದರೆ ಗಾತ್ರದ ಮಿತಿ. ಪೋಸ್ಟ್‌ಫಿಕ್ಸ್ ತಾನಾಗಿ ಇಟ್ಟಿರುವುದು 1,02,40,000 ಬೈಟ್. ಅಟ್ಯಾಚ್‌ಮೆಂಟ್ ಮೇಲಿನಲ್ಲಿ ಸಾಗಲು ಬರೀ ಅಕ್ಷರಗಳ ರೂಪಕ್ಕೆ, ಅಂದರೆ ಬೇಸ್64 ಆಗುವಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಿಗ್ಗುವುದರಿಂದ 8 ಎಂಬಿಯ ಬಿಲ್ಲಿನ ಸ್ಕ್ಯಾನ್ ಆ ಮಿತಿಯನ್ನು ದಾಟುತ್ತದೆ. ಮೂರೂ ಸರ್ವರ್‌ಗಳಲ್ಲಿ ಮಿತಿ ಒಂದೇ ಇರಲಿ. ಗೇಟ್‌ವೇಯಲ್ಲಿ ಹೆಚ್ಚಿಸಿ ಒಳಗೆ ಮರೆತರೆ ಒಪ್ಪಿಕೊಂಡ ಮೇಲನ್ನು ಆಮೇಲೆ ಹಿಂದಿರುಗಿಸಬೇಕಾಗುತ್ತದೆ.

ದೊಡ್ಡ ಮೇಲ್ ನಿರಾಕರಣೆಯಾಗದೆ ನಿಮಿಷಗಟ್ಟಲೆ ಎಳೆದು, ಸಂದೇಶದ ಒಡಲನ್ನು ಕಳಿಸುವಾಗ ಟೈಮ್ ಔಟ್ ಆಯಿತು ಎಂದು ಬಂದರೆ ಎಂಟಿಯು, ಅಂದರೆ ದಾರಿ ಒಪ್ಪುವ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರದ, ದೋಷ. ವಿಪಿಎನ್ ಪ್ರತಿ ಪ್ಯಾಕೆಟ್ಟಿಗೂ ತನ್ನ ಹೊದಿಕೆ ಸೇರಿಸುತ್ತದೆ. 1500 ಬೈಟ್‌ನ ಪ್ಯಾಕೆಟ್ ಅದರೊಳಗೆ ಹಿಡಿಸದು, 'ಚಿಕ್ಕದು ಮಾಡು' ಎಂಬ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ತಡೆಯುತ್ತದೆ. ದಾವಣಗೆರೆಯಿಂದ ದುರ್ಗಕ್ಕೆ, ತುಂಡು ಮಾಡಬೇಡ ಎಂಬ ಗುರುತಿನೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ. 28 ಬೈಟ್ ಹೆಡರ್ ಸೇರಿ ಅದು 1500 ಆಗುತ್ತದೆ. ಹೋಗದಿದ್ದರೆ ಇಳಿಸುತ್ತಾ ಬನ್ನಿ, ಎಲ್ಲಿ ಹೋಗುತ್ತದೋ ಆ ಅಂಕಿಗಿಂತ 12 ಕಡಿಮೆಗೆ ರೂಟರಿನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ದತ್ತಾಂಶದ) ಮಿತಿ ಹೊಂದಿಸಿ. ಮೇಲ್ ಸರ್ವರಿನಲ್ಲಿ ಏನು ತಿದ್ದಿದರೂ ಇದು ಸರಿಹೋಗುವುದಿಲ್ಲ.

ಕಾರಣ ನಿವಾರಣೆಯಾಗದೆ ಕ್ಯೂವನ್ನು ಪದೇ ಪದೇ ಫ್ಲಷ್ ಮಾಡಬೇಡಿ, ಅಂದರೆ ಎಲ್ಲವನ್ನೂ ಈಗಲೇ ಮರುಯತ್ನಿಸೆಂದು ಒತ್ತಾಯಿಸಬೇಡಿ. ಪೋಸ್ಟ್‌ಫಿಕ್ಸ್ ತಾನೇ 300 ಸೆಕೆಂಡಿನಿಂದ 4000 ಸೆಕೆಂಡಿನವರೆಗಿನ ಅಂತರದಲ್ಲಿ ಮರುಯತ್ನಿಸುತ್ತದೆ, ಐದು ದಿನ ಇಟ್ಟುಕೊಳ್ಳುತ್ತದೆ. ಶುಕ್ರವಾರ ಸಂಜೆ ಲಿಂಕ್ ಬಿದ್ದರೂ ಸೋಮವಾರದವರೆಗೆ ಮೇಲ್ ಸುರಕ್ಷಿತ. ಅನುಮಾನವಿದ್ದರೆ ಹೋಲ್ಡ್‌ನಲ್ಲಿಡಿ, ಅಳಿಸಬೇಡಿ.

ಹೋಯಿತು, ಆದರೆ ತಲುಪಲಿಲ್ಲ

ಬಿಲ್ಲು, ಜ್ಞಾಪನೆ ಕಳಿಸುವ ಲೆಕ್ಕಪತ್ರ ತಂತ್ರಾಂಶದ ಯಂತ್ರದಲ್ಲೂ ಒಂದು ಪೋಸ್ಟ್‌ಫಿಕ್ಸ್ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಸ್ಥಾಪಿಸುವಾಗ ಡೊಮೈನ್ ಹೆಸರು ಕೇಳಿದಲ್ಲಿ ಉದಾಹರಣೆ.ಇನ್ ಎಂದು ಕೊಟ್ಟಿದ್ದರೆ ಅದು ಮೈಡೆಸ್ಟಿನೇಷನ್‌ಗೆ ಸೇರಿಬಿಡುತ್ತದೆ. ಅಲ್ಲಿಂದ ಗ್ರಾಹಕರಿಗೆ ಹೋಗುವ ಬಿಲ್ಲು ಸರಿಯಾಗಿ ಹೋಗುತ್ತದೆ, ಸ್ವಂತ ಕಚೇರಿಗೆ ಹೋಗಬೇಕಾದ ಪ್ರತಿ ಮಾತ್ರ ಅದೇ ಯಂತ್ರದಲ್ಲಿ ಉಳಿಯುತ್ತದೆ. ಅಲ್ಲಿ ಆ ಹೆಸರಿನ ಬಳಕೆದಾರರು ಇದ್ದರೆ ಬೌನ್ಸ್ ಕೂಡ ಇಲ್ಲ. ಲಾಗ್‌ನಲ್ಲಿ ರಿಲೇ=ಲೋಕಲ್, ಸ್ಟೇಟಸ್=ಸೆಂಟ್ ಎಂದಿರುತ್ತದೆ. ಮೈಡೆಸ್ಟಿನೇಷನ್‌ನಿಂದ ಡೊಮೈನ್ ತೆಗೆದು ರಿಲೇಹೋಸ್ಟಿಗೆ ಗೇಟ್‌ವೇಯ ಐಪಿ ಕೊಡಿ. ಆ ಯಂತ್ರದ ಮೇಲ್ ಡೈರೆಕ್ಟರಿಯಲ್ಲಿ ಈಗಾಗಲೇ ಸೇರಿರುವ ಮೇಲ್‌ಗಳನ್ನು ಸಂಬಂಧಪಟ್ಟವರಿಗೆ ತಲುಪಿಸುವುದನ್ನು ಮರೆಯಬೇಡಿ.

ಹೊರಗಿನವರ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತಿದ್ದರೆ ದಾರಿ ಬೇರೆಯೇ ಇದೆ. ದುರ್ಗದ ಸರ್ವರ್ ಗೇಟ್‌ವೇಯನ್ನು ಬಿಟ್ಟು ಶಾಖೆಯ ಬ್ರಾಡ್‌ಬ್ಯಾಂಡಿನಿಂದ ನೇರವಾಗಿ ಕಳಿಸುತ್ತಿರಬಹುದು. ಆ ಐಪಿ ಎಸ್‌ಪಿಎಫ್ ದಾಖಲೆಯಲ್ಲಿ, ಅಂದರೆ ಡೊಮೈನಿನ ಪರವಾಗಿ ಕಳಿಸಬಹುದಾದ ಐಪಿಗಳ ಪಟ್ಟಿಯಲ್ಲಿ, ಇರುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ (ಮೇಲಿಗೆ ಡೊಮೈನಿನ ಡಿಜಿಟಲ್ ಸಹಿ) ಬೇಕೆನ್ನುತ್ತದೆ. ಹೊರಹೋಗುವುದೆಲ್ಲ ಗೇಟ್‌ವೇ ಮೂಲಕವೇ ಹೋಗಲಿ, ಡಿಕೆಐಎಂ ಸಹಿಯನ್ನೂ ಅಲ್ಲೇ ಹಾಕಿ. ಒಳಬರುವಾಗ ಎಸ್‌ಪಿಎಫ್ ತಪಾಸಣೆ ಗೇಟ್‌ವೇಯಲ್ಲಿ ಮಾತ್ರ ಇರಲಿ. ಒಳಗಿನ ಸರ್ವರ್‌ಗಳಿಗೆ ಎಲ್ಲ ಮೇಲೂ ಗೇಟ್‌ವೇಯ ಐಪಿಯಿಂದಲೇ ಬರುವಂತೆ ಕಾಣುವುದರಿಂದ ಅವು ತಪಾಸಣೆ ಮಾಡಿದರೆ ಪ್ರಾಮಾಣಿಕರು ಕಳಿಸಿದ ಮೇಲ್ ಕೂಡ ತಪ್ಪಾಗಿ ಕಾಣುತ್ತದೆ.

ತಿದ್ದಿದ ಮೇಲೆ

ಸ್ವಾಕ್ಸ್ ಎಂಬ ಸಾಧನ ಹಾಕಿಕೊಳ್ಳಿ. ಎಸ್‌ಎಂಟಿಪಿ ಸಂಭಾಷಣೆಯನ್ನು ಸಾಲು ಸಾಲಾಗಿ ತೋರಿಸುವುದರಿಂದ ಯಾವ ಹಂತದಲ್ಲಿ ಯಾರು ಏನೆಂದರು ಎಂಬುದು ಕಣ್ಣೆದುರೇ ಇರುತ್ತದೆ. ಮೂರೂ ಸರ್ವರ್‌ಗಳಿಂದ ದಾವಣಗೆರೆಯ ಒಂದು ವಿಳಾಸಕ್ಕೆ, ದುರ್ಗದ ಒಂದು ವಿಳಾಸಕ್ಕೆ, ಹೊರಗಿನ ಒಂದು ವಿಳಾಸಕ್ಕೆ ಕಳಿಸಿ ನೋಡಿ. ಬಳಿಕ ಕಚೇರಿಯ ಜಾಲದ ಹೊರಗಿನ ಯಂತ್ರವೊಂದರಿಂದ ಗೇಟ್‌ವೇಗೆ ಬಂದು, ಸಂಸ್ಥೆಗೆ ಸಂಬಂಧವಿಲ್ಲದ ವಿಳಾಸಕ್ಕೆ ಕಳಿಸಲು ಯತ್ನಿಸಿ. ಅದು ನಿರಾಕರಣೆಯಾಗಲೇಬೇಕು, ಒಪ್ಪಿಕೊಂಡರೆ ಗೇಟ್‌ವೇಯ 25ನೇ ಪೋರ್ಟನ್ನು ಹೊರಗಿನವರಿಗೆ ಆ ಕ್ಷಣವೇ ಮುಚ್ಚಿ, ನ್ಯಾಟ್ ಮತ್ತು ಮೈನೆಟ್‌ವರ್ಕ್ಸ್ ಕಡೆಗೆ ಹಿಂದಿರುಗಿ.

ಎಲ್ಲ ಸರಿ ಬಂದ ಮೇಲೆ ಮೂರೂ ಸರ್ವರ್‌ಗಳಲ್ಲಿ ಸಾಫ್ಟ್ ಬೌನ್ಸ್ ತೆಗೆದು ರೀಲೋಡ್ ಮಾಡಿ. ಆಮೇಲೆ ಎಲ್ಲಿಯೂ ಇಲ್ಲದ ಹೆಸರೊಂದಕ್ಕೆ ಹೊರಗಿನಿಂದ ಮೇಲ್ ಕಳಿಸಿ. ಗೇಟ್‌ವೇಯೇ 550 ಎಂದು ಉತ್ತರಿಸಿ, ಒಳಗಿನ ಎರಡು ಸರ್ವರ್‌ಗಳ ಲಾಗ್‌ನಲ್ಲಿ ಆ ಹೆಸರಿನ ಸುಳಿವೇ ಇರದಿದ್ದರೆ ಕೆಲಸ ಮುಗಿದಿದೆ. 450 ಎಂದು ಬಂದರೆ ಗೇಟ್‌ವೇಯಲ್ಲಿ ಸಾಫ್ಟ್ ಬೌನ್ಸ್ ಇನ್ನೂ ಉಳಿದುಕೊಂಡಿದೆ.